ಐವತ್ತು ವರ್ಷದ ಗಡಿಯಾರಕ್ಕೆ ಇಪ್ಪತ್ತು ವರ್ಷದ ಡಯಲ್

ಮಾರ್ಚ್ ಮೂರನೆಯ ವಾರ ಶುರುವಾದ ಹುಡುಕಾಟ ಜೂನ್ ಕೊನೆಗೆ ಮುಗಿಯಿತು. ಈಗ ನನ್ನ ಎಡಗೈಯಲ್ಲಿ 1972ರ ಒಂದು ರೋಲೆಕ್ಸ್ ಡೇಟ್‌ಜಸ್ಟ್, ಅಂದರೆ ತಾರೀಖು ತೋರಿಸುವ ಕೈಗಡಿಯಾರ, ಇದೆ. ಹೊರಕವಚವಾದ ಕೇಸು ಅದರದೇ, ಒಳಗಿನ ಮಷೀನು ಅದರದೇ. ಆದರೆ ಡಯಲ್ ಮತ್ತು ಮುಳ್ಳುಗಳು 2003ರಲ್ಲಿ ಬದಲಾದವು. ಗೊತ್ತಿದ್ದೇ ಕೊಂಡೆ. ಆದರೆ ಗೊತ್ತುಮಾಡಿಕೊಳ್ಳಲು ಕಳೆದ ದಿನಗಳು, ಕೇಳಿಸಿಕೊಂಡ ಸುಳ್ಳುಗಳು, ನಿದ್ದೆಗೆಟ್ಟ ರಾತ್ರಿಗಳು ಇನ್ನೊಬ್ಬರಿಗೆ ಬೇಡ ಎಂದು ಇದನ್ನು ಬರೆಯುತ್ತಿದ್ದೇನೆ.

ಅಪ್ಪನಿಂದ ಶುರುಮಾಡಬೇಕು. ಅವರು ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ 31 ವರ್ಷ ದುಡಿದವರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಆರಂಭವಾದ ಆ ಕಾರ್ಖಾನೆಗೆ ಅಪ್ಪ ಸೇರಿದ್ದು 1970ರಲ್ಲಿ. ಡಯಲ್ ಕೂರಿಸಿ ಮುಳ್ಳು ಹಾಕುವುದು ಅವರ ಕೆಲಸವಾಗಿತ್ತು. ಈಗ ಅವರಿಗೆ 76. ಕೈ ನಡುಗುತ್ತದೆ, ಕಣ್ಣು ಮಾತ್ರ ಚುರುಕು. ಅವರ ಮಣಿಕಟ್ಟಿನಲ್ಲಿ ಇಂದಿಗೂ ಇರುವುದು ಕೀ ಕೊಡುವ ಎಚ್‌ಎಂಟಿ ಜನತಾ ಗಡಿಯಾರ. ಒಮ್ಮೆ ಕಾರ್ಖಾನೆ ನೋಡಲು ಬಂದಿದ್ದ ಅತಿಥಿಯೊಬ್ಬರು ತಮ್ಮ ಡೇಟ್‌ಜಸ್ಟ್ ಬಿಚ್ಚಿ ಅಪ್ಪನ ಕೈಗೆ ಕೊಟ್ಟು ನೋಡಲು ಹೇಳಿದ್ದರಂತೆ. ತಾರೀಖಿನ ಮೇಲಿನ ಆ ಉಬ್ಬು ಗಾಜು, ಅಂಚಿನ ಗೀರು ಗೀರಾದ ಬಿಳಿ ಚಿನ್ನದ ಬಳೆ, ಇವುಗಳ ವರ್ಣನೆಯನ್ನು ನಾನು ಬಾಲ್ಯದಿಂದ ಕೇಳಿಕೊಂಡು ಬೆಳೆದೆ. ಈ ವರ್ಷ ನನ್ನ ಎಲ್‌ಐಸಿ ಪಾಲಿಸಿಯೊಂದು ಮುಗಿದು 4 ಲಕ್ಷ ರೂಪಾಯಿ ಕೈಗೆ ಬಂತು. ಸಹಕಾರಿ ಬ್ಯಾಂಕಿನಲ್ಲಿ 22 ವರ್ಷ ಕೆಲಸ ಮಾಡಿದ್ದೇನೆ, ನನಗಾಗಿ ಎಂದು ದೊಡ್ಡದೇನನ್ನೂ ಕೊಂಡವಳಲ್ಲ. ಹೊಸ ರೋಲೆಕ್ಸ್ ಆ ದುಡ್ಡಿಗೆ ಬರುವುದಿಲ್ಲ. ಹಳೆಯದು ಬರುತ್ತದೆ.

ನಾನು ಹುಡುಕಿದ್ದು 1601 ಎಂಬ ಮಾದರಿ. ಅಗಲ 36 ಮಿಲಿಮೀಟರ್, ಗಾಜಿನ ಬದಲು ಅಕ್ರಿಲಿಕ್, ಅಂಚಿನಲ್ಲಿ ಬಿಳಿ ಚಿನ್ನದ ಬಳೆ, ಅಂದರೆ ಬೆಜೆಲ್. ತಾರೀಖನ್ನು ಬೇಗನೆ ಬದಲಿಸುವ ಸೌಲಭ್ಯ ಇದರಲ್ಲಿಲ್ಲ. ಒಂದು ದಿನ ಮುಂದೆ ಹೋಗಬೇಕಾದರೆ ಮುಳ್ಳುಗಳನ್ನು ರಾತ್ರಿ ಹನ್ನೆರಡು ದಾಟುವಂತೆ ತಿರುಗಿಸಬೇಕು. ಗಂಡಸರ ಗಡಿಯಾರವೆಂದೇ ಮಾರಾಟವಾದರೂ ನನ್ನ ಕೈಗೆ ಅಳತೆ ಸರಿಯಾಗಿತ್ತು.

ಮೊದಲು ಹೋದದ್ದು ಕಮರ್ಷಿಯಲ್ ಸ್ಟ್ರೀಟ್ ಆಸುಪಾಸಿನ ಒಂದು ಅಂಗಡಿಗೆ. ನಮ್ಮ ಯಜಮಾನರೂ ಜೊತೆಗೆ ಬಂದಿದ್ದರು. ದುಡ್ಡು ನನ್ನದು, ಕೇಳುತ್ತಿರುವವಳು ನಾನು, ಆದರೆ ಅಂಗಡಿಯಾತ ಮಾತನಾಡಿದ್ದೆಲ್ಲ ಅವರೊಂದಿಗೆ. “ಸರ್, ಮೇಡಂ ಕೈಗೆ ಇದು ದೊಡ್ಡದಾಗುವುದಿಲ್ಲವೇ?” ಎಂದ. ಕಹಿಯೆನಿಸಿತು. ಆದರೂ ಗಡಿಯಾರ ಕೈಗೆ ಬಂದಾಗ ಮಾತು ಮರೆತೆ. ಬೆಳ್ಳಿ ಬಣ್ಣದ ಡಯಲ್, ಒಂದು ಚುಕ್ಕೆ ಕಲೆಯಿಲ್ಲ. 1970ರ ದಶಕದ್ದು, ಎಲ್ಲವೂ ಒರಿಜಿನಲ್, ಬೆಲೆ 4,40,000 ಎಂದ. ಅಪ್ಪ ಕೊಟ್ಟು ಕಳಿಸಿದ್ದ ಐಗ್ಲಾಸನ್ನು (ಗಡಿಯಾರದವರ ಭೂತಗನ್ನಡಿ) ಕಣ್ಣಿಗಿಟ್ಟು ಆರರ ಅಂಕಿಯ ಕೆಳಗೆ, ಡಯಲ್‌ನ ತೀರ ಅಂಚಿನಲ್ಲಿ ನೋಡಿದೆ. ‘ಸ್ವಿಸ್ ಮೇಡ್’ ಎಂದಿತ್ತು.

ಈ ಎರಡು ಪದಗಳ ಕಥೆ ತಿಳಿದಿದ್ದರೆ ಅರ್ಧ ಕೆಲಸ ಮುಗಿಯುತ್ತದೆ. ಕತ್ತಲಲ್ಲಿ ಹೊಳೆಯಲೆಂದು ಗಂಟೆಯ ಗುರುತುಗಳ ತುದಿಗೆ, ಮುಳ್ಳುಗಳಿಗೆ ಹಚ್ಚುತ್ತಿದ್ದ ವಸ್ತು 1960ರ ದಶಕದ ಆರಂಭದವರೆಗೆ ರೇಡಿಯಂ ಆಗಿತ್ತು. ಆಮೇಲೆ 1990ರ ದಶಕದ ಕೊನೆಯವರೆಗೆ ಟ್ರಿಷಿಯಂ. ಟ್ರಿಷಿಯಂ ಹಚ್ಚಿದ ರೋಲೆಕ್ಸ್ ಡಯಲ್‌ನ ಕೆಳ ಅಂಚಿನಲ್ಲಿ ‘ಟಿ ಸ್ವಿಸ್ ಟಿ’ ಎಂದೋ, ‘ಸ್ವಿಸ್ ಟಿ 25ಕ್ಕಿಂತ ಕಡಿಮೆ’ ಎಂಬರ್ಥದ ಗುರುತೋ ಇರುತ್ತದೆ. ಟ್ರಿಷಿಯಂ ಬಿಟ್ಟು ವಿಕಿರಣವಿಲ್ಲದ ಲ್ಯೂಮಿನೋವಾ ಬಂದ ಮೇಲೆ ಆ ‘ಟಿ’ ಹೋಗಿ ‘ಸ್ವಿಸ್ ಮೇಡ್’ ಬಂತು. ಅಂದರೆ ಹೊಳೆಯುವ ಚುಕ್ಕೆಗಳಿರುವ 1970ರ ದಶಕದ ಡಯಲ್ ಮೇಲೆ ‘ಸ್ವಿಸ್ ಮೇಡ್’ ಇದ್ದರೆ ಆ ಡಯಲ್ ಗಡಿಯಾರಕ್ಕಿಂತ ಬಹಳ ಹೊಸದು. ಚುಕ್ಕೆಯೇ ಇಲ್ಲದ ಡಯಲ್‌ಗಳಿಗೆ ಈ ಲೆಕ್ಕ ಹಿಡಿಯುವುದಿಲ್ಲ ಎಂಬುದನ್ನೂ ನೆನಪಿಡಿ.

ಇನ್ನೊಂದು ಪರೀಕ್ಷೆಗೆ ಬೇಕಾದದ್ದು ನೇರಳಾತೀತ ಬೆಳಕಿನ ಪುಟ್ಟ ಟಾರ್ಚ್. ನೋಟು ಪರೀಕ್ಷಿಸಲು ನಮ್ಮ ಬ್ಯಾಂಕಿನಲ್ಲಿ ಬಳಸುವಂಥದ್ದೇ. ಟ್ರಿಷಿಯಂನ ಅರ್ಧಾಯುಷ್ಯ 12.3 ವರ್ಷ, ಐವತ್ತು ವರ್ಷ ಕಳೆದ ಮೇಲೆ ಹದಿನಾರರಲ್ಲಿ ಒಂದು ಪಾಲೂ ಉಳಿದಿರುವುದಿಲ್ಲ. ಹಾಗಾಗಿ ಟಾರ್ಚ್ ಬಿಟ್ಟರೆ ಕ್ಷಣ ಮಿನುಗಿದರೂ, ಆರಿಸಿದ ಕೂಡಲೇ ಕಪ್ಪಾಗುತ್ತದೆ. ಲ್ಯೂಮಿನೋವಾ ಹಾಗಲ್ಲ, ಬೆಳಕು ಕುಡಿದು ನಿಮಿಷಗಟ್ಟಲೆ ಹಸಿರಾಗಿ ಉರಿಯುತ್ತದೆ. ಆ ಅಂಗಡಿಯ ಗಡಿಯಾರದಲ್ಲಿ ಡಯಲ್ ಮೇಲಿನ ಚುಕ್ಕೆಗಳು ಉರಿದವು, ಮುಳ್ಳುಗಳು ಸತ್ತ ಹಳದಿಯಾಗಿ ಉಳಿದವು. ಮುಳ್ಳು ಒಂದು ಕಾಲದ್ದು, ಡಯಲ್ ಇನ್ನೊಂದು ಕಾಲದ್ದು. ಹಿಂಬದಿ ಬಿಚ್ಚಿ ತೋರಿಸಿ ಎಂದೆ. “ಬಿಚ್ಚಿದರೆ ಸೀಲ್ ಹೋಗುತ್ತದೆ” ಎಂದ. ಡಯಲ್ ಬದಲಾಗಿದೆ ಎಂದು ಬಿಲ್ಲಿನಲ್ಲಿ ಬರೆದುಕೊಡುತ್ತೀರಾ ಎಂದು ಕೇಳಿದೆ. ಆಗಲೇ ಮೊದಲ ಬಾರಿಗೆ ಅವನು ನೇರವಾಗಿ ನನ್ನ ಮುಖ ನೋಡಿದ್ದು. ಬರೆದುಕೊಡಲಿಲ್ಲ. ಎದ್ದು ಬಂದೆವು.

ಅಂಗಡಿಯಿಂದ ಕೊಳ್ಳುವವರಿಗೆ ಇಲ್ಲೇ ಒಂದು ಮಾತು. ಹಳೆಯ ವಸ್ತು ಮಾರುವ ನೋಂದಾಯಿತ ವ್ಯಾಪಾರಿ ಮಾರ್ಜಿನ್ ಯೋಜನೆಯಡಿ ತಾನು ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲಷ್ಟೇ ಜಿಎಸ್‌ಟಿ ಕಟ್ಟಬಹುದು. ಆದ್ದರಿಂದ “ಬಿಲ್ಲು ಬೇಕೆಂದರೆ ಇಡೀ ಬೆಲೆಯ ಮೇಲೆ ಶೇ. 18 ಹೆಚ್ಚು” ಎಂಬ ಮಾತಿಗೆ ಹೆದರಿ ಬಿಲ್ಲು ಬಿಡಬೇಡಿ. 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. 2 ಲಕ್ಷ ಮೀರಿದ ಖರೀದಿಗೆ ಪ್ಯಾನ್ ಕೂಡ ಬೇಕು. 10 ಲಕ್ಷ ಮೀರಿದ ಕೈಗಡಿಯಾರಕ್ಕೆ 2025ರ ಏಪ್ರಿಲ್ 22ರಿಂದ ಶೇ. 1ರಷ್ಟು ಟಿಸಿಎಸ್ (ಮಾರುವವರೇ ವಸೂಲಿ ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ, ಅದನ್ನು ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು.

ಎರಡನೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. ಜಯನಗರದ ಒಬ್ಬರ ಬಳಿ ಕಪ್ಪು ಡಯಲ್‌ನ ಡೇಟ್‌ಜಸ್ಟ್ ಇತ್ತು, ಬೆಲೆ 2,60,000. ಫೋಟೊ ನೋಡಿಯೇ ಅಪ್ಪ ಬೇಡವೆಂದಿದ್ದರು, ನಾನು ಕೇಳದೆ ಹೋದೆ. ಐಗ್ಲಾಸ್‌ನಲ್ಲಿ ನಿಮಿಷದ ಗೆರೆಗಳು ಅಂಟಿಸಿದ ಗುರುತುಗಳ ನಡುಮಧ್ಯಕ್ಕೆ ಬಾರದೆ ಒಂದು ಪಕ್ಕಕ್ಕೆ ಸರಿದಿದ್ದವು. ಅಕ್ಷರಗಳ ಅಂಚು ಹರಡಿಕೊಂಡಿತ್ತು. ತಾರೀಖಿನ ಕಿಟಕಿಯ ಅಂಚಿಗೆ ಬಣ್ಣ ಮೆತ್ತಿತ್ತು. ಬಣ್ಣ ಬಳಿದು ಮತ್ತೆ ಅಚ್ಚು ಹಾಕಿದ ಡಯಲ್ ಅದು.

ಇಂಥ ಡಯಲ್‌ಗಳ ಮೇಲೆ ಅಪ್ಪನಿಗೆ ಇರುವ ಸಿಟ್ಟು ದೊಡ್ಡದು. ಅಂತರ್ಜಾಲದಲ್ಲಿ ಗುಲಾಬಿ, ಗಿಳಿಹಸಿರು ಬಣ್ಣದ ಎಚ್‌ಎಂಟಿ ಜನತಾ ಮಾರಾಟಕ್ಕಿರುವುದನ್ನು ತೋರಿಸಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ನಮ್ಮ ಕೈಯಿಂದ ಹೋದದ್ದಲ್ಲ ಇದು” ಎಂದರು. ಹಿತ್ತಾಳೆಯ ತಟ್ಟೆಯಿಂದ ಹಳೆಯ ಬಣ್ಣ ಕಿತ್ತು, ಹೊಸದು ಬಳಿದು, ಸಿಲಿಕೋನ್ ಮೆತ್ತೆಯಲ್ಲಿ ಶಾಯಿ ಎತ್ತಿ ಹೆಸರು ಒತ್ತಿಬಿಟ್ಟರೆ ಗಡಿಯಾರ ಹೊಸದಾದಂತೆ ಕಾಣುತ್ತದೆ. ಅದನ್ನು ಮಾಡಿದವರ ಗುರುತು ಉಳಿದು, ಮೊದಲು ಮಾಡಿದವರ ಗುರುತು ಅಳಿಯುತ್ತದೆ ಎಂಬುದು ಅವರ ನೋವು.

ಏಪ್ರಿಲ್ ಮೊದಲ ಶನಿವಾರ ಅಪ್ಪನನ್ನೇ ಕರೆದುಕೊಂಡು ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದೆ. ಅವೆನ್ಯೂ ರಸ್ತೆಯ ಒಂದು ಓಣಿಯಲ್ಲಿ ನಲವತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡುತ್ತಿರುವವರೊಬ್ಬರಿದ್ದಾರೆ. ಮೇಜಿನ ಮೇಲೆ ಗಾಜಿನ ಬೋಗುಣಿಗಳ ಕೆಳಗೆ ಬಿಚ್ಚಿದ ಮಷೀನುಗಳು. ಅಪ್ಪ ಪರಿಚಯ ಹೇಳುತ್ತಿದ್ದಂತೆ ಅವರು ಐಗ್ಲಾಸ್ ತೆಗೆದಿಟ್ಟು, “ಎಚ್‌ಎಂಟಿಯಲ್ಲಿ ಯಾವ ವಿಭಾಗ ಸ್ವಾಮಿ?” ಎಂದರು. ಅಲ್ಲಿಂದ ಒಂದು ಗಂಟೆ ನನಗೆ ಮಾತಿಗೆ ಜಾಗವಿರಲಿಲ್ಲ. ಆ ಒಂದು ಗಂಟೆಯಲ್ಲಿ ಕಲಿತದ್ದು ತಿಂಗಳಿಡೀ ಓದಿದ್ದಕ್ಕಿಂತ ಹೆಚ್ಚು.

ಬದಲಾದ ಡಯಲ್ ಎಂದರೆ ಒಂದೇ ಬಗೆಯದ್ದಲ್ಲ ಎಂದು ಅವರು ಬಿಡಿಸಿ ಹೇಳಿದರು. ಕಂಪನಿಯ ಸರ್ವಿಸ್ ಕೇಂದ್ರವೇ ಹಳೆಯದು ಹಾಳಾಗಿದೆಯೆಂದು ತನ್ನದೇ ಹೊಸ ಡಯಲ್ ಹಾಕಿದ್ದರೆ ಅದು ಸರ್ವಿಸ್ ಡಯಲ್. ಅಸಲಿಯೇ, ಆದರೆ ಆ ಗಡಿಯಾರದ ಜೊತೆ ಹುಟ್ಟಿದ್ದಲ್ಲ. ಹಳೆಯದನ್ನೇ ತೊಳೆದು ಬಣ್ಣ ಬಳಿದರೆ ರೀಡಯಲ್. ಇನ್ನೊಂದು ಗಡಿಯಾರದಿಂದ ಕಿತ್ತು ಹಾಕಿದ್ದೂ ಇರುತ್ತದೆ, ಯಾರೋ ಅಚ್ಚು ಹಾಕಿದ ಪೂರಾ ನಕಲಿಯೂ ಇರುತ್ತದೆ. “ಹಳೆಯ ಡಯಲ್‌ಗೇ ಹಣ ಕೊಡುವ ಕಾಲವಮ್ಮ ಇದು. ಬದಲಾಗಿದ್ದರೆ ಬೆಲೆ ಇಳಿಯಬೇಕು, ಅಷ್ಟೇ. ನೀವು ಕಟ್ಟಿಕೊಂಡು ಓಡಾಡುವವರೋ, ಇಟ್ಟು ಮಾರುವವರೋ?” ಎಂದು ಕೇಳಿದರು. ಕಟ್ಟಿಕೊಳ್ಳುವವಳು ಎಂದೆ. “ಹಾಗಾದರೆ ಸರ್ವಿಸ್ ಡಯಲ್ ನಿಮಗೆ ಒಳ್ಳೆಯದೇ. ಆದರೆ ಬದಲಾಗಿದೆ ಎಂದು ಬಾಯಿಬಿಟ್ಟು ಹೇಳುವವರ ಹತ್ತಿರ ಕೊಳ್ಳಿ.” ಮಲ್ಲೇಶ್ವರದ ಒಂದು ಮನೆಯಲ್ಲಿ ಇಂಥದೊಂದಿದೆ, ಯಜಮಾನರು ತೀರಿಕೊಂಡಿದ್ದಾರೆ, ವಿಚಾರಿಸುತ್ತೇನೆ ಎಂದೂ ಅವರೇ ಹೇಳಿದರು.

ಎರಡು ವಾರ ಉತ್ತರವಿರಲಿಲ್ಲ. ಆ ದಿನಗಳಲ್ಲಿ ರಾತ್ರಿ ಕೂತು ಓದಿದ ಒಂದು ಸಂಗತಿ ನನ್ನನ್ನು ಬಹಳ ಹೆದರಿಸಿತು. 2021ರ ನವೆಂಬರ್‌ನಲ್ಲಿ ಜಿನೀವಾದ ಫಿಲಿಪ್ಸ್ ಹರಾಜಿನಲ್ಲಿ ಒಮೆಗಾ ಕಂಪನಿಯ ಸ್ಪೀಡ್‌ಮಾಸ್ಟರ್ ಗಡಿಯಾರವೊಂದು 31 ಲಕ್ಷ ಸ್ವಿಸ್ ಫ್ರಾಂಕ್‌ಗೂ ಹೆಚ್ಚಿಗೆ ಹೋಗಿತ್ತು. ಕೊಂಡದ್ದು ಒಮೆಗಾದ ಸ್ವಂತ ಮ್ಯೂಸಿಯಂ. ಅದು ಬೇರೆ ಬೇರೆ ಗಡಿಯಾರಗಳ ಭಾಗ ಸೇರಿಸಿ ಕಟ್ಟಿದ್ದು ಎಂಬುದು 2023ರಲ್ಲಿ ಬಯಲಾಯಿತು. ತಯಾರಿಸಿದವರೇ ಮೋಸಹೋಗುವಲ್ಲಿ ನನ್ನ ಐಗ್ಲಾಸ್ ಎಷ್ಟರದು ಎನ್ನಿಸಿತು. ನಮ್ಮ ಯಜಮಾನರು, “ದುಡ್ಡನ್ನು ಠೇವಣಿ ಇಟ್ಟುಬಿಡು” ಎಂದರು. ಇಟ್ಟುಬಿಡುತ್ತಿದ್ದೆನೇನೋ. ಅಷ್ಟರಲ್ಲಿ ರಿಪೇರಿಯವರ ಫೋನ್ ಬಂತು.

ಏಪ್ರಿಲ್ 19ರಂದು ಮಲ್ಲೇಶ್ವರಕ್ಕೆ ಹೋದೆವು. ಹಳೆಯ ಮನೆ, ಮುಂದೆ ಸಂಪಿಗೆ ಮರ. ಅಲ್ಲಿಯ ಅಮ್ಮನಿಗೆ ಎಂಬತ್ತರ ಹತ್ತಿರ. ಅವರ ಯಜಮಾನರು ಮಸ್ಕತ್‌ನಲ್ಲಿ ಎಂಜಿನಿಯರ್ ಆಗಿದ್ದಾಗ 1973ರಲ್ಲಿ ಕೊಂಡ ಗಡಿಯಾರ. 2021ರಲ್ಲಿ ಅವರು ಹೋದ ಮೇಲೆ ಯಾರೂ ಕಟ್ಟಿಲ್ಲ. ಗ್ಯಾರಂಟಿ ಕಾಗದ ಇಲ್ಲ, ಪೆಟ್ಟಿಗೆ ಇಲ್ಲ, ಒಂದು ಪುಟ್ಟ ಪುಸ್ತಿಕೆ ಮಾತ್ರ ಇತ್ತು. ಅಮ್ಮ ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಅಪ್ಪನ ಕೈಗೆ ಕೊಟ್ಟರು. “ತಿಂಗಳು ಮುಗಿದ ದಿನ ಕಾಫಿ ಕುಡಿಯುತ್ತಾ ತಾರೀಖು ತಿರುಗಿಸುತ್ತಿದ್ದರು. ಮೂವತ್ತೊಂದು ದಿನದ ತಿಂಗಳಾದರೆ ಆ ಕೆಲಸವಿಲ್ಲ ಎಂದು ಬೇಜಾರು ಅವರಿಗೆ” ಎಂದರು.

ಅಪ್ಪ ಐಗ್ಲಾಸ್ ಹಾಕಿಕೊಂಡು ನೋಡಿ ನನ್ನ ಕಡೆ ತಿರುಗಿದರು. ನಾನೂ ನೋಡಿದೆ. ‘ಸ್ವಿಸ್ ಮೇಡ್’. ಟಾರ್ಚ್ ಬಿಟ್ಟರೆ ಡಯಲ್ ಚುಕ್ಕೆಗಳೂ ಮುಳ್ಳುಗಳೂ ಒಂದೇ ಬಣ್ಣದಲ್ಲಿ ಉರಿದವು. ಆ ಕಾಲದ 1601ರ ಡಯಲ್‌ಗೆ ಅಂಚು ಕೆಳಕ್ಕೆ ಬಾಗಿ ಮುಗುಚಿದ ತಟ್ಟೆಯ ಆಕಾರವಿರುತ್ತದೆ, ಇದು ಚಪ್ಪಟೆಯಾಗಿತ್ತು. ಡಯಲ್ ಮತ್ತು ಮುಳ್ಳುಗಳು ಒಟ್ಟಿಗೆ ಬದಲಾಗಿವೆ ಎಂದರೆ ಇದು ಕಂಪನಿಯ ಸರ್ವಿಸ್‌ನಲ್ಲಿ ಆಗಿರುವ ಸಾಧ್ಯತೆ ಹೆಚ್ಚು. ಆದರೆ ಅಮ್ಮನಿಗೆ ಅದು ಗೊತ್ತೇ ಇರಲಿಲ್ಲ. ಮೆಲ್ಬರ್ನ್‌ನಲ್ಲಿರುವ ಮಗ ಅಂತರ್ಜಾಲದಲ್ಲಿ ನೋಡಿ 4 ಲಕ್ಷ ಎಂದು ಬೆಲೆ ಹೇಳಿದ್ದರು. ನಾನು ಹೇಗೆ ಹೇಳಲಿ? ತೀರಿಹೋದವರ ವಸ್ತು, ಅದರಲ್ಲಿ ಕುಂದು ಎತ್ತಿದಂತಾಗುತ್ತದೆ. ಕಾಫಿ ಕುಡಿದು, ಮುಂದಿನ ಶನಿವಾರ ರಿಪೇರಿಯವರಲ್ಲಿ ಬಿಚ್ಚಿಸಿ ನೋಡೋಣ, ನಿಮ್ಮ ಮಗಳು ಜೊತೆಗಿರಲಿ ಎಂದಷ್ಟೇ ಹೇಳಿ ಬಂದೆ. ಬಿಚ್ಚುವಾಗ ಮಾರುವವರ ಕಡೆಯ ಒಬ್ಬರು ಎದುರಿಗಿರಲೇಬೇಕು. ಆಮೇಲೆ ಅದು ಹೋಯಿತು, ಇದು ಗೀರಿತು ಎಂಬ ಮಾತು ಬಾರದಂತೆ.

ಏಪ್ರಿಲ್ 26 ನಾಲ್ಕನೆಯ ಶನಿವಾರ, ನನಗೆ ರಜೆ. ಮಗಳು ಮೈಸೂರಿನಿಂದ ಬಂದಿದ್ದರು. ರಿಪೇರಿಯವರು ಮೊದಲು ಚೈನ್ ಬಿಚ್ಚಿದರು. ಹಳೆಯ ರೋಲೆಕ್ಸ್‌ಗಳಲ್ಲಿ ಚೈನ್ ಸಿಕ್ಕಿಸುವ ಕಾಲುಗಳ ನಡುವೆ, ಹನ್ನೆರಡರ ಕಡೆ ಮಾದರಿ ಸಂಖ್ಯೆ, ಆರರ ಕಡೆ ಕ್ರಮಸಂಖ್ಯೆ ಕೆತ್ತಿರುತ್ತಾರೆ. ಚೈನ್ ಬಿಚ್ಚದೆ ಅದು ಕಾಣುವುದಿಲ್ಲ. ಬಿಚ್ಚಿ ತೋರಿಸಲು ಒಪ್ಪದವರ ಬಳಿ ಕೊಳ್ಳಬೇಡಿ. ಎರಡೂ ಸಂಖ್ಯೆ ತೀಕ್ಷ್ಣವಾಗಿದ್ದವು, ಉಜ್ಜಿ ಸವೆಸಿದ ಗುರುತಿರಲಿಲ್ಲ. ಹಿಂಬದಿಯ ಮುಚ್ಚಳ ತಿರುಗಿಸಿ ತೆಗೆದಾಗ ಒಳಗೆ ರೋಮನ್ ಅಂಕಿಯಲ್ಲಿ ಎರಡು, ಪಕ್ಕದಲ್ಲಿ 72 ಎಂದಿತ್ತು. 1972ರ ಎರಡನೆಯ ತ್ರೈಮಾಸಿಕ. ಮಷೀನಿನ ಮೇಲೆ 1570 ಎಂದಿತ್ತು, ತಾರೀಖಿರುವ 1575 ಮಷೀನಿನ ಸೇತುವೆಯ (ಚಕ್ರಗಳನ್ನು ಹಿಡಿದಿಡುವ ತಟ್ಟೆಯ) ಮೇಲೂ ಅದೇ ಸಂಖ್ಯೆ ಇರುತ್ತದೆಯಾದ್ದರಿಂದ ಗಾಬರಿಯಾಗಬೇಕಿಲ್ಲ. ಗಡಿಯಾರದ ನಡೆ ಅಳೆಯುವ ಟೈಮ್‌ಗ್ರಾಫರ್ ಎಂಬ ಯಂತ್ರದ ಮೇಲಿಟ್ಟು, ಈ ಮಷೀನಿಗೆ ತಕ್ಕಂತೆ ಲಿಫ್ಟ್ ಆಂಗಲ್ ಎಂಬುದನ್ನು 52ಕ್ಕೆ ಹೊಂದಿಸಿದರು. ದಿನಕ್ಕೆ 14 ಸೆಕೆಂಡ್ ಮುಂದೆ, ಆಂಪ್ಲಿಟ್ಯೂಡ್ (ಒಳಗಿನ ತೂಗುಚಕ್ರ ಎಷ್ಟು ಡಿಗ್ರಿ ತಿರುಗುತ್ತದೆಂಬ ಅಳತೆ) 228. ಚೆನ್ನಾಗಿರುವ ಮಷೀನಿನಲ್ಲಿ ಅದು 270ರ ಮೇಲಿರಬೇಕು. ಎಣ್ಣೆ ಒಣಗಿದೆ, ಸವೆತವಿಲ್ಲ, ಸರ್ವಿಸ್ ಆಗಬೇಕು ಎಂದರು.

ಆಮೇಲೆ ಡಯಲ್. ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಮುಳ್ಳುಗಳನ್ನು ಒಂದೊಂದಾಗಿ ಎತ್ತಿದರು. ಪಕ್ಕದ ಎರಡು ಸಣ್ಣ ತಿರುಪು ಸಡಿಲಿಸಿದರು. ಡಯಲ್ ಹಿಂಬದಿಯಲ್ಲಿ ಎರಡು ಪುಟ್ಟ ಕಂಬಿಗಳಿರುತ್ತವೆ, ಅಪ್ಪ ಅವನ್ನು ಡಯಲ್‌ನ ಕಾಲು ಎನ್ನುತ್ತಾರೆ. ಅವು ಮಷೀನಿನ ರಂಧ್ರಕ್ಕೆ ಕೂರುತ್ತವೆ. ಬೇರೆ ಮಷೀನಿನ ಡಯಲ್ ತಂದು ಹಾಕಿದವರು ಕಾಲು ಕತ್ತರಿಸಿ ಅಂಟಿನಲ್ಲಿ ಅಂಟಿಸಿರುತ್ತಾರೆ. ಡಯಲ್ ಮೇಲೆದ್ದಾಗ ಅಪ್ಪ ಮೇಜಿನ ಮೇಲೆ ಬಾಗಿದರು. ರಿಪೇರಿಯವರು ಚಿಮುಟವನ್ನು ಅವರತ್ತ ಚಾಚಿದರು. ಅಪ್ಪ ತಮ್ಮ ಕೈ ನೋಡಿಕೊಂಡರು, ತೆಗೆದುಕೊಳ್ಳಲಿಲ್ಲ. “ನೀವೇ ಹಿಡಿದಿರಿ, ನಾನು ನೋಡುತ್ತೇನೆ” ಎಂದರು. ನೋಡಿ, “ಕಾಲು ಎರಡೂ ನೆಟ್ಟಗಿವೆ” ಎಂದರು. ಮೂವತ್ತೊಂದು ವರ್ಷ ದಿನಕ್ಕೆ ನೂರಾರು ಡಯಲ್ ಕೂರಿಸಿದ ಕೈ ಅದು. ನಾನು ಬೇರೆ ಕಡೆ ನೋಡಿದೆ.

ಮಗಳಿಗೆ ಎಲ್ಲವನ್ನೂ ತೋರಿಸಿ, ಡಯಲ್ ಅಸಲಿಯೇ, ಆದರೆ ಮೊದಲಿನದ್ದಲ್ಲ ಎಂದು ವಿವರಿಸಿದೆ. 3,10,000 ಕೊಡಬಲ್ಲೆ ಎಂದೆ. ಅವರು ಅಣ್ಣನಿಗೆ ಫೋಟೊ ಕಳಿಸಿದರು. ರಾತ್ರಿ ಆ ಅಣ್ಣನಿಂದ ನನಗೆ ಸಂದೇಶ ಬಂತು: “ನಮ್ಮ ತಂದೆ ನಕಲಿ ವಸ್ತು ಕಟ್ಟುವವರಾಗಿರಲಿಲ್ಲ.” ನಕಲಿ ಎಂದು ನಾನೆಲ್ಲೂ ಹೇಳಿಲ್ಲವೆಂದು ಉದ್ದವಾಗಿ ಬರೆದೆ. ಉತ್ತರವಿಲ್ಲ. ಹದಿನೇಳು ದಿನ ಮೌನ. ವ್ಯವಹಾರ ಮುರಿಯಿತೆಂಬುದಕ್ಕಿಂತ, ಆ ಮನೆಗೆ ನೋವು ಮಾಡಿದೆನಲ್ಲ ಎಂಬುದು ಹೆಚ್ಚು ಕಾಡಿತು. ಆ ಸಂದೇಶವನ್ನು ಫೋನಿನಲ್ಲಿ ಬರೆಯದೆ, ಅಮ್ಮನ ಎದುರು ಕೂತು ಅವರಿಂದ ಮಗನಿಗೆ ಹೇಳಿಸಬೇಕಿತ್ತು. ಕುಟುಂಬದಿಂದ ಕೊಳ್ಳುವವರು ಈ ತಪ್ಪು ಮಾಡಬೇಡಿ.

ಮೇ 13ರಂದು ಅಮ್ಮನೇ ಫೋನ್ ಮಾಡಿದರು. ಗಾಡ್ರೆಜ್ ಬೀರುವಿನ ಒಳಖಾನೆಯಲ್ಲಿ, ಹಳೆಯ ಪಾಸ್‌ಬುಕ್‌ಗಳ ನಡುವೆ ಒಂದು ಚೀಟಿ ಸಿಕ್ಕಿದೆ ಬಾ ಎಂದರು. 2003ರಲ್ಲಿ ದುಬೈನ ಸರ್ವಿಸ್ ಕೇಂದ್ರ ಕೊಟ್ಟ ರಸೀದಿ ಅದು. ನೀರು ಒಳಹೊಕ್ಕ ಬಗ್ಗೆ ಒಂದು ಸಾಲು, ಕೆಳಗೆ ಡಯಲ್, ಮುಳ್ಳುಗಳು, ಗಾಜು ಬದಲಾಯಿಸಿದ್ದಕ್ಕೆ ಬೇರೆ ಬೇರೆ ಮೊತ್ತ. ಕ್ರಮಸಂಖ್ಯೆ ಗಡಿಯಾರದ್ದೇ. ಅಮ್ಮನಿಗೆ ಆಗ ನೆನಪಾಯಿತು: ಯಜಮಾನರು ಸಮುದ್ರಕ್ಕೆ ಇಳಿದಾಗ ಗಡಿಯಾರದ ಪಕ್ಕದ ಕೀ ಬಿಗಿಯಾಗಿ ಮುಚ್ಚಿರಲಿಲ್ಲವಂತೆ. ಹಳೆಯ ಡಯಲ್ ವಾಪಸು ಕೊಟ್ಟರೇ ಎಂದು ಆಸೆಯಿಂದ ಕೇಳಿದೆ. ಖಾನೆ, ಪೆಟ್ಟಿಗೆ, ಹೊಲಿಗೆ ಡಬ್ಬಿ ಎಲ್ಲ ಹುಡುಕಿದೆವು. ಸಿಗಲಿಲ್ಲ. ಮಗ ಆ ರಾತ್ರಿ ನನಗೆ ಕರೆಮಾಡಿ ಕ್ಷಮೆ ಕೇಳಿದರು, ನಾನೂ ಕೇಳಿದೆ. 3,25,000ಕ್ಕೆ ಮಾತಾಯಿತು. ರಸೀದಿ ಸಿಕ್ಕಿದ್ದಕ್ಕೆ ನಾನು ಹದಿನೈದು ಸಾವಿರ ಏರಿದೆ. ಅದು ನ್ಯಾಯವೆಂದೇ ಇಂದಿಗೂ ನನ್ನ ಭಾವನೆ. ಯಾರು, ಯಾವಾಗ, ಏಕೆ ಬದಲಿಸಿದರೆಂದು ಗೊತ್ತಿರುವ ಡಯಲ್‌ಗೂ ಗೊತ್ತಿಲ್ಲದ ಡಯಲ್‌ಗೂ ಅಷ್ಟು ವ್ಯತ್ಯಾಸವಿದೆ.

ಇನ್ನೇನು ಮುಗಿಯಿತು ಎಂದುಕೊಂಡಾಗ ನಾನು ಯೋಚಿಸದೇ ಇದ್ದ ತೊಡಕು ಬಂತು, ಅದೂ ನನ್ನ ಕೆಲಸಕ್ಕೇ ಸೇರಿದ್ದು. ಅಮ್ಮನ ಯಜಮಾನರು ಉಯಿಲು ಬರೆದಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಮಗ, ಮಗಳು ಮೂವರೂ ಮೊದಲ ದರ್ಜೆಯ ವಾರಸುದಾರರು. ತೀರಿಕೊಂಡವರ ತಾಯಿ ಇದ್ದಿದ್ದರೆ ಅವರೂ ಸೇರುತ್ತಿದ್ದರು. ಅಂದರೆ ಗಡಿಯಾರ ಅಮ್ಮನೊಬ್ಬರದಲ್ಲ, ಅವರೊಬ್ಬರು ಸಹಿ ಮಾಡಿದರೆ ಸಾಲದು. ಬ್ಯಾಂಕಿನಲ್ಲಿ ದಿನವೂ ಇಂಥ ಕಾಗದ ಕೇಳುವವಳು ನಾನು. ಮಗ, ಮಗಳು ಇಬ್ಬರಿಂದಲೂ ಆಕ್ಷೇಪವಿಲ್ಲವೆಂಬ ಪತ್ರ ಕೇಳಿದೆ. ಮಗಳದು ಎರಡು ದಿನದಲ್ಲಿ ಬಂತು. ಮಗನದು ಸಹಿ ಮಾಡಿದ ಮೂಲ ಪ್ರತಿಯೇ ಬೇಕೆಂದೆ, ಮೆಲ್ಬರ್ನ್‌ನಿಂದ ಕೊರಿಯರ್ ಬರಲು ಹತ್ತೊಂಬತ್ತು ದಿನ ಹಿಡಿಯಿತು. ಪಾಸ್‌ಪೋರ್ಟ್ ಪ್ರತಿ ತರಿಸಿಕೊಂಡು, ವಿಡಿಯೊ ಕರೆಯಲ್ಲಿ ಅವರೇ ಸಹಿ ಮಾಡಿದ್ದೆಂದು ಹೇಳಿಸಿಕೊಂಡೆ. ರಾಯಭಾರ ಕಚೇರಿಯ ದೃಢೀಕರಣದವರೆಗೆ ಹೋಗಲಿಲ್ಲ. ಅಪರಿಚಿತ ಮನೆಯಾಗಿದ್ದರೆ ಹೋಗುತ್ತಿದ್ದೆ.

ಮಾರಾಟ ಪತ್ರವನ್ನು ನಾನೇ ಬರೆದೆ, ಇ-ಸ್ಟಾಂಪ್ ಕಾಗದದ ಮೇಲೆ. ಮಾದರಿ ಸಂಖ್ಯೆ, ಕ್ರಮಸಂಖ್ಯೆ, ಇಬ್ಬರ ಪ್ಯಾನ್, ಹಣ ಕಳಿಸುವ ವಿವರ, ಮತ್ತು ಒಂದು ಸಾಲು: “ಈ ಗಡಿಯಾರದ ಡಯಲ್ ಮತ್ತು ಮುಳ್ಳುಗಳು 2003ರ ಸರ್ವಿಸ್‌ನಲ್ಲಿ ಬದಲಾಗಿರುತ್ತವೆ, ಈ ವಿಷಯ ಕೊಳ್ಳುವವರಿಗೆ ತಿಳಿದಿರುತ್ತದೆ.” ಈ ಸಾಲು ಮಾರುವವರನ್ನೂ ಕಾಯುತ್ತದೆ, ನಾಳೆ ನಾನು ಮಾರಿದರೆ ಆಗ ಕೊಳ್ಳುವವರನ್ನೂ ಕಾಯುತ್ತದೆ. ಸಹಿಗೆ ಮುಂಚೆ ಕ್ರಮಸಂಖ್ಯೆಯನ್ನು ಲಂಡನ್ನಿನ ವಾಚ್ ರಿಜಿಸ್ಟರ್‌ನಲ್ಲಿ ಹಣ ಕೊಟ್ಟು ಪರಿಶೀಲಿಸುವ ದಾರಿಯಿದೆ, ಕಳವಾದ ಗಡಿಯಾರಗಳ ಪಟ್ಟಿ ಅವರ ಬಳಿ ಇರುತ್ತದೆ. ರಸೀದಿಯೂ ಕುಟುಂಬವೂ ಕಣ್ಣೆದುರಿಗೆ ಇದ್ದುದರಿಂದ ನಾನು ಮಾಡಿಸಲಿಲ್ಲ. ಅಪರಿಚಿತರಿಂದ ಕೊಳ್ಳುವವರು ಮಾಡಿಸಲೇಬೇಕು. ಸಂಖ್ಯೆ ಪೂರ್ತಿ ಕಾಣುವ ಫೋಟೊವನ್ನು ಮಾತ್ರ ಎಲ್ಲಿಯೂ ಹಾಕಬೇಡಿ.

ಜೂನ್ 9ರ ಸೋಮವಾರ ಆರ್‌ಟಿಜಿಎಸ್ ಮಾಡಿದೆ. ಅದಕ್ಕೆ ಕನಿಷ್ಠ ಮೊತ್ತವೇ 2 ಲಕ್ಷ, ಹಾಗಾಗಿ ಒಂದೇ ಕಂತಿನಲ್ಲಿ ಹೋಯಿತು. ಹಣ ಮುಟ್ಟಿದ ಸಂದೇಶ ಬಂದ ಮೇಲೆ ಅಮ್ಮ ಕರವಸ್ತ್ರ ಬಿಚ್ಚಿ ಗಡಿಯಾರವನ್ನು ನನ್ನ ಕೈಗೆ ತಾವೇ ಕಟ್ಟಿದರು. ಕೊಕ್ಕೆ ಹಾಕಲು ಅವರಿಗೆ ಆಗಲಿಲ್ಲ, ಇಬ್ಬರೂ ಸೇರಿ ಹಾಕಿದೆವು. ಕರವಸ್ತ್ರವನ್ನು ಮಡಿಸಿ ತಾವೇ ಇಟ್ಟುಕೊಂಡರು.

ಮರುದಿನವೇ ಸರ್ವಿಸ್‌ಗೆ ಕೊಟ್ಟೆ. ಕಂಪನಿಯ ಕೇಂದ್ರಕ್ಕೋ, ಚಿಕ್ಕಪೇಟೆಗೋ ಎಂದು ಒಂದು ವಾರದಿಂದ ಯೋಚಿಸಿದ್ದೆ. ಇನ್ನು ಯಾವ ಭಾಗವೂ ನನ್ನನ್ನು ಕೇಳದೆ ಬದಲಾಗಬಾರದು ಎಂಬುದೇ ಮುಖ್ಯವಾಗಿತ್ತು, ಹಾಗಾಗಿ ರಿಪೇರಿಯವರಿಗೇ ಕೊಟ್ಟೆ. ಕೊಡುವಾಗ ಚೀಟಿಯಲ್ಲಿ ಬರೆಸಿದೆ: ಕೇಸು ಪಾಲಿಶ್ ಮಾಡಬಾರದು, ತೆಗೆದ ಬಿಡಿಭಾಗ ಎಲ್ಲ ಹಿಂದಿರುಗಿಸಬೇಕು. ನೀವು ಯಾರಿಗೇ ಕೊಟ್ಟರೂ ಇದನ್ನು ಬರೆಸಿ, ಬಾಯಿಮಾತು ಸಾಲದು. ಹದಿನೇಳು ದಿನವಾಯಿತು. ಎಣ್ಣೆ, ಮುಖ್ಯ ಸ್ಪ್ರಿಂಗ್, ರಬ್ಬರ್ ಸೀಲ್‌ಗಳು ಸೇರಿ 18,500. ಜೋಲುಬಿದ್ದಿದ್ದ ಚೈನ್ ಬಿಗಿ ಮಾಡಿಸಲು 6,000. ಮೊದಲ ತಪಾಸಣೆಗೆ 2,000, ಸ್ಟಾಂಪ್ ಮತ್ತು ನೋಟರಿಗೆ 700 ಆಗಿತ್ತು. ಗಡಿಯಾರದ ಬೆಲೆಯೂ ಸೇರಿ ಒಟ್ಟು 3,52,200 ರೂಪಾಯಿ. ಬೆಲೆಯ ಹೊರತಾಗಿ ಕೈಯಲ್ಲಿ ಮೂವತ್ತು ಸಾವಿರವಾದರೂ ಇಲ್ಲದೆ ಹಳೆಯ ಗಡಿಯಾರಕ್ಕೆ ಕೈ ಹಾಕಬೇಡಿ. ಈಗ ದಿನಕ್ಕೆ 5 ಸೆಕೆಂಡ್ ಮುಂದೆ ಹೋಗುತ್ತದೆ, ಆಂಪ್ಲಿಟ್ಯೂಡ್ 275. ಒಮ್ಮೆ ನೀರು ಕುಡಿದ ಕೇಸು, ಮಳೆಯಲ್ಲಿ ಕಟ್ಟಬೇಡಿ ಎಂದಿದ್ದಾರೆ. ಜೂನ್ ಮಳೆಗೆ ಅದನ್ನು ಚೀಲದ ಒಳಜೇಬಿನಲ್ಲಿಟ್ಟುಕೊಂಡೇ ಮನೆಗೆ ತಂದೆ. ಮನೆಯ ವಿಮೆಗೆ ಸೇರಿಸಲು ಮೌಲ್ಯಮಾಪನ ಪತ್ರ ಕೇಳಿದ್ದಾರೆ, ಅದರಲ್ಲಿಯೂ ಡಯಲ್ ವಿಷಯ ಬರೆಸುತ್ತಿದ್ದೇನೆ.

ನಿನ್ನೆ ಜೂನ್ 30. ಇಂದು ಬೆಳಿಗ್ಗೆ ಕಿಟಕಿಯಲ್ಲಿ 31 ಬಂದು ನಿಂತಿತ್ತು. ಕಾಫಿ ಮಾಡಿ ಅಪ್ಪನಿಗೊಂದು ಲೋಟ ಕೊಟ್ಟು, ಕೀ ತಿರುಗಿಸಿ ಸಡಿಲಿಸಿ ಹೊರಗೆಳೆದೆ. ಮುಳ್ಳುಗಳನ್ನು ಹನ್ನೆರಡರವರೆಗೆ ತಂದು ಅಪ್ಪನ ಕೈಗೆ ಕೊಟ್ಟೆ. ಉಳಿದದ್ದನ್ನು ಅವರು ತಿರುಗಿಸಿದರು. ಹನ್ನೆರಡು ದಾಟುತ್ತಿದ್ದಂತೆ ಟಕ್ಕೆಂದು 1 ಬಂತು. ಮಲ್ಲೇಶ್ವರದ ಅಮ್ಮನಿಗೆ ಫೋನ್ ಮಾಡಿ ಹೇಳಿದೆ.